ಡಯಾಬಿಟಿಸ್ ಇನ್ಸಿಪಿಡಸ್ ಇರೋ ತಮ್ಮನಿಗೆ ನೀರು ಕಡಿಮೆ ಕೊಟ್ಟು ಕಂಟ್ರೋಲ್ ಮಾಡ್ಬಹುದಾ? ಮಾತ್ರೆ ಬೇಕೇ ಬೇಕಾ?

ದಯವಿಟ್ಟು ಆ ಪ್ರಯೋಗಕ್ಕೆ ಹೋಗ್ಬೇಡಿ. ನಂಗೂ ಇದೇ ಇದೆ, ಮೆದುಳಿನ ಕೆಳಗಿರೋ ಪಿಟ್ಯುಟರಿ ಗ್ರಂಥಿಯ ಗೆಡ್ಡೆಗೆ ಮೂಗಿನ ಮೂಲಕ ಆಪರೇಷನ್ ಆದ್ಮೇಲೆ ಶುರುವಾಗಿದ್ದು. ರಾತ್ರಿಯೆಲ್ಲಾ ಬಾತ್‌ರೂಮಿಗೆ ಓಡಾಟ, ಯೂರಿನ್ ನೋಡಿದ್ರೆ ನಲ್ಲಿ ನೀರಿನ ಥರ ಬಣ್ಣಾನೇ ಇಲ್ಲ, ಬಾಯಾರಿಕೆ ಮಾತ್ರ ಹಾಗೇ. ಡಯಾಬಿಟಿಸ್ ಅಂತ ಕೇಳಿದ್ದೇ ತಡ ನಮ್ಮತ್ತೆ ನನ್ನ ಕಾಫಿಗೆ ಸಕ್ಕರೆ ಹಾಕೋದು ನಿಲ್ಸಿಬಿಟ್ರು! ಸಕ್ಕರೆಗೂ ಇದಕ್ಕೂ ಸಂಬಂಧಾನೇ ಇಲ್ಲ. ಮೆದುಳಲ್ಲಿ ತಯಾರಾಗೋ ವ್ಯಾಸೋಪ್ರೆಸಿನ್ ಅನ್ನೋ ಹಾರ್ಮೋನ್ ಇದ್ರೇನೇ ಕಿಡ್ನಿ ನೀರನ್ನ ಹಿಡಿದಿಟ್ಕೊಳ್ಳೋದು, ಅದು ಸಾಲ್ದೇ ಹೋದ್ರೆ ನೀರೆಲ್ಲಾ ಹಾಗೇ ಹೊರಗೆ. ನೀವು ಚೊಂಬು ಬಚ್ಚಿಟ್ರೂ ಅದು ಹೋಗೋದು ನಿಲ್ಲಲ್ಲ, ರಕ್ತದಲ್ಲಿ ಸೋಡಿಯಂ ಏರುತ್ತೆ ಅಷ್ಟೇ.

ನಾನು ಎಡವಿದ್ದು ಇನ್ನೊಂದು ಕಡೆ. ಆ ಹಾರ್ಮೋನ್ ಬದಲಿಗೆ ಕೊಡೋ ಡೆಸ್ಮೋಪ್ರೆಸಿನ್ ಮಾತ್ರೆ ಶುರು ಮಾಡಿದ್ಮೇಲೆ ಯೂರಿನ್ ಕಡಿಮೆ ಆಯ್ತು, ನಿದ್ದೆ ಬಂತು, ಎಲ್ಲಾ ಸರಿ, ಆದ್ರೆ ಕೈಗೆ ಬಾಟ್ಲಿ ಅಭ್ಯಾಸ ಆಗ್ಬಿಟ್ಟಿತ್ತಲ್ಲ, ಬಾಯಾರಿಕೆ ಇಲ್ದಿದ್ರೂ ಮಲಗೋ ಮುಂಚೆ ಒಂದು ಬಾಟ್ಲಿ ಖಾಲಿ ಮಾಡ್ತಿದ್ದೆ, ಎಲ್ಲಿ ಮತ್ತೆ ನಾಲಿಗೆ ಒಣಗುತ್ತೋ ಅನ್ನೋ ಭಯ. ಮಾತ್ರೆ ಕಿಡ್ನಿ ಬಾಗಿಲು ಹಾಕಿದೆ, ನಾನು ಮೇಲಿಂದ ಸುರೀತಾನೇ ಇದ್ದೀನಿ, ಆ ನೀರು ಹೋಗೋದೆಲ್ಲಿಗೆ? ರಕ್ತದಲ್ಲೇ ಉಳಿದು ಸೋಡಿಯಂ ತೆಳುವಾಗ್ತಾ ಬಂತು. ತಲೆನೋವು, ವಾಂತಿ ಬಂದಾಗ ಪಿತ್ತ ಅಂದ್ಕೊಂಡು ಇನ್ನೂ ಎಳನೀರು, ಮಜ್ಜಿಗೆ! ಕೊನೆಗೆ ನಮ್ಮೆಜಮಾನ್ರು ಫೋನ್ ಪಾಸ್‌ವರ್ಡ್ ಕೇಳಿದ್ರೆ ನಾನು ಊರಿನ ಪಿನ್‌ಕೋಡ್ ಹೇಳ್ತಿದ್ನಂತೆ. ಸೋಡಿಯಂ 135ರಿಂದ 145ರ ಒಳಗೆ ಇರ್ಬೇಕು, ನಂದು 118. ಐಸಿಯುನಲ್ಲಿ ನಿಧಾನವಾಗಿ ಏರಿಸಿದ್ರು, ಒಂದೇ ಸಲ ಏರಿಸಿದ್ರೆ ಮೆದುಳಿಗೇ ಪೆಟ್ಟಂತೆ.

ಹಾಗಾಗಿ ನನ್ನ ಪ್ರಕಾರ ಮಾತ್ರೆನಾ ನೀರಾ ಅನ್ನೋ ನಿಮ್ಮ ಪ್ರಶ್ನೇನೇ ತಪ್ಪು. ಮಾತ್ರೆ ತಗೊಳ್ಳಲಿ, ಬಾಯಾರಿಕೆ ಆದಾಗ ಕುಡೀಲಿ, ಆಗ್ದೇ ಇದ್ದಾಗ "ಬಾಡಿ ಹೀಟು, ಒಂದು ಲೋಟ ಕುಡಿ ಮಗಾ" ಅಂತ ಯಾರೂ ಬಲವಂತ ಮಾಡ್ಬೇಡಿ. ನಾನಂತೂ ಡಾಕ್ಟರ್ ಹೇಳಿದ ಹಾಗೆ ಹಿಂದಿನ ಡೋಸ್ ಇಳಿದು ಒಂದೆರಡು ಸಲ ಚೆನ್ನಾಗಿ ಯೂರಿನ್ ಆದ್ಮೇಲೇನೇ ಮುಂದಿನ ಮಾತ್ರೆ ತಗೊಳ್ಳೋದು, ಜಾಸ್ತಿಯಾದ ನೀರು ಹೋಗ್ಲಿ ಅಂತ. ಅವನಿಗೂ ಹೀಗೇನಾ ಅಂತ ಎಂಡೋಕ್ರೈನಾಲಜಿಸ್ಟ್ (ಹಾರ್ಮೋನ್ ಡಾಕ್ಟರ್) ಹತ್ರ ಕೇಳಿ.

ಅಂದಹಾಗೆ ಯಾವ ಥರದ್ದು ಅಂತ ನೀವು ಬರ್ದೇ ಇಲ್ಲ. ಹಾರ್ಮೋನ್ ಇದ್ದೂ ಕಿಡ್ನಿ ಅದರ ಮಾತು ಕೇಳ್ದೇ ಇರೋ ಥರಾನೂ ಇದೆ, ವರ್ಷಗಟ್ಟಲೆ ಲಿಥಿಯಂ ಮಾತ್ರೆ ತಗೊಂಡವರಲ್ಲಿ ಬರುತ್ತಲ್ಲ, ಅದಕ್ಕೆ ಡೆಸ್ಮೋಪ್ರೆಸಿನ್ ಅಷ್ಟಾಗಿ ಕೆಲಸ ಮಾಡಲ್ಲ, ಉಪ್ಪು ಕಡಿಮೆ ಮಾಡಿಸಿ ಬೇರೆ ಮಾತ್ರೆ ಕೊಡ್ತಾರೆ. ನೀರು ಕೊಡದೆ ನೋಡೋ ಟೆಸ್ಟೂ ಇದೆ, ಅದನ್ನ ಆಸ್ಪತ್ರೆಯಲ್ಲೇ ತೂಕ, ಸೋಡಿಯಂ ಎಲ್ಲಾ ನೋಡ್ತಾ ಮಾಡೋದು, ಮನೇಲಿ ಅಲ್ಲ.

ಇನ್ನೊಂದು, ಬೇರೆ ಯಾವುದಕ್ಕೋ ಅಡ್ಮಿಟ್ ಆದ್ರೂ ಇದು ಶುಗರ್ ಅಲ್ಲ, ಡೆಸ್ಮೋಪ್ರೆಸಿನ್ ತಪ್ಪಿಸೋ ಹಾಗಿಲ್ಲ ಅಂತ ನರ್ಸ್‌ಗೂ ಹೇಳಿ, ಡಾಕ್ಟರ್‌ಗೂ ಹೇಳಿ. ಈ ಗೊಂದಲಕ್ಕೇ 2022ರಲ್ಲಿ ಹೆಸರನ್ನೇ ಎವಿಪಿ ಡೆಫಿಷಿಯೆನ್ಸಿ (ಎವಿಪಿ ಅಂದ್ರೆ ಅದೇ ವ್ಯಾಸೋಪ್ರೆಸಿನ್, ಅದರ ಕೊರತೆ) ಅಂತ ಬದಲಾಯಿಸೋಕೆ ಡಾಕ್ಟರ್‌ಗಳ ಸಂಘಗಳು ಹೊರಟಿದ್ದು. ಅವನ ಪ್ರಿಸ್ಕ್ರಿಪ್ಷನ್, ಲಾಸ್ಟ್ ಸೋಡಿಯಂ ರಿಪೋರ್ಟ್ ಎರಡರದ್ದೂ ಫೋಟೋ ನಿಮ್ಮ ಫೋನಲ್ಲೂ ಇಟ್ಕೊಳ್ಳಿ.