ಬೆಳಗಿನ ಐದೂವರೆಯ ಫೋನು

(ಹೆಸರು, ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.)

ತುಮಕೂರಿನ ನನ್ನ ಆಪ್ತ ಸಮಾಲೋಚನೆಯ ಕೋಣೆಗೆ ಆ ತಾಯಿ ಬಂದದ್ದು ಮೇ ತಿಂಗಳಲ್ಲಿ. ತಿಪಟೂರು ಕಡೆಯವರು. ತೆಂಗಿನ ತೋಟವಿದೆ. ಮಗ ಇಂಗ್ಲೆಂಡಿನಲ್ಲಿ ಎಂ.ಎಸ್ಸಿ. ಓದುತ್ತಿದ್ದಾನೆ, ಮಗಳು ಇಲ್ಲೇ ಪಿಯುಸಿ. ಮಗನನ್ನು ರವಿ ಅನ್ನೋಣ.

"ದಿನಾ ಬೆಳಿಗ್ಗೆ ಐದೂವರೆಗೇ ಎದ್ದು ಫೋನ್ ಮಾಡ್ತಾನೆ ಮೇಡಂ. ಇಲ್ಲಿದ್ದಾಗ ಎಂಟಾದ್ರೂ ಏಳ್ತಿರಲಿಲ್ಲ. ಆದ್ರೆ ವಿಡಿಯೋ ಹಾಕು ಅಂದ್ರೆ ಹಾಕಲ್ಲ. ಏನೋ ಮುಚ್ಚಿಡ್ತಿದ್ದಾನೆ."

ನಾನು ಗಂಟೆ ಲೆಕ್ಕ ಹಾಕಿದೆ. ಬೇಸಿಗೆಯಲ್ಲಿ ಇಂಗ್ಲೆಂಡಿನ ಗಡಿಯಾರ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ನಮ್ಮ ಐದೂವರೆ ಅಂದರೆ ಅಲ್ಲಿ ರಾತ್ರಿ ಒಂದು. ಹುಡುಗ ಬೇಗ ಏಳುತ್ತಿರಲಿಲ್ಲ, ಆ ಹೊತ್ತಿನವರೆಗೂ ಮಲಗುತ್ತಿರಲಿಲ್ಲ.

ಎರಡು ವಾರ ಸತಾಯಿಸಿದ ಮೇಲೆ ರವಿ ನನ್ನ ಜೊತೆ ಒಬ್ಬನೇ ಮಾತಾಡಲು ಒಪ್ಪಿದ. ಒಂದು ಗೋದಾಮಿನಲ್ಲಿ ವಾರಕ್ಕೆ 20 ಗಂಟೆ ಕೆಲಸ. ತರಗತಿ ನಡೆಯುವಾಗ ಅವನ ವೀಸಾ ಬಿಡುವುದೇ ಅಷ್ಟು. 2025ರ ಏಪ್ರಿಲ್‌ನಿಂದ ಅಲ್ಲಿ 21 ದಾಟಿದವರ ಕನಿಷ್ಠ ಕೂಲಿ ಗಂಟೆಗೆ 12.21 ಪೌಂಡ್ ಇತ್ತು. ವಾರಕ್ಕೆ ಸುಮಾರು 244. ಬಾಡಿಗೆ, ಊಟ ಅದರಲ್ಲೇ ಹೇಗೋ ನಡೆಯುತ್ತಿತ್ತು. ಆದರೆ ರಾತ್ರಿ ಹೊತ್ತು ಬೇರೊಬ್ಬರ ಡೆಲಿವರಿ ಆ್ಯಪ್ ಖಾತೆಯನ್ನು ಬಾಡಿಗೆಗೆ ಪಡೆದು ಸೈಕಲ್ ತುಳಿಯುತ್ತಿದ್ದ. ಏಪ್ರಿಲ್‌ನಲ್ಲಿ ಮಳೆಯಲ್ಲಿ ಜಾರಿ ಬಿದ್ದು ಮಣಿಕಟ್ಟು ಊದಿತ್ತು. ವಿಡಿಯೋ ಹಾಕಿದರೆ ಅಮ್ಮನಿಗೆ ಪಟ್ಟಿ ಕಾಣುತ್ತದೆ, ಅಷ್ಟೇ ಗುಟ್ಟು.

"ಮನೆಗೆ ತಿಂಗಳಿಗೆ ಮೂವತ್ತು ಸಾವಿರ ಕಳಿಸ್ಲೇಬೇಕು ಮೇಡಂ. ಬಡ್ಡಿ ಬೆಳೀತಿದೆ. ಜೂನ್ ಬಂದ್ರೆ ರಜ, ಆಮೇಲೆ ಗೋದಾಮಲ್ಲೇ ಫುಲ್ ಟೈಮ್ ಮಾಡ್ತೀನಿ."

ಅವನು ಎಡವಿದ್ದು ಇಲ್ಲೇ. ಪದವಿ ಓದುವವರಿಗೆ ಬೇಸಿಗೆ ರಜ ಇರುತ್ತದೆ, ಆಗ ಪೂರ್ತಿ ದುಡಿಯಬಹುದು. ಒಂದು ವರ್ಷದ ಮಾಸ್ಟರ್ಸ್‌ನವರಿಗೆ ಹಾಗಲ್ಲ. ಪ್ರಬಂಧ ಬರೆಯುವ ಆ ತಿಂಗಳುಗಳೂ ಓದಿನ ಅವಧಿಯೇ, 20 ಗಂಟೆಯ ಮಿತಿ ಹಾಗೇ ಇರುತ್ತದೆ. ಇನ್ನು ಡೆಲಿವರಿ. ಅಲ್ಲಿ ಅದು ಸಾಮಾನ್ಯವಾಗಿ ಸ್ವಂತ ಕಸುಬಿನ ಲೆಕ್ಕ. ವಿದ್ಯಾರ್ಥಿ ವೀಸಾದಲ್ಲಿ ಸ್ವಂತ ಕಸುಬು ಒಂದು ಗಂಟೆ ಮಾಡಿದರೂ ತಪ್ಪೇ. 'ಹೋದ್ರೆ ಸಾಕು, ದುಡ್ಕೊಂಡೇ ಸಾಲ ತೀರಿಸ್ಬಹುದು' ಅಂತ ಕಳಿಸಿಕೊಟ್ಟ ಏಜೆಂಟರು ಇದನ್ನೆಲ್ಲ ಹೇಳುವುದಿಲ್ಲ ಬಿಡಿ.

ನಾನು ಅವನಿಗೆ ಹೇಳಿದ್ದು ಇಷ್ಟು. ಖಾತೆಯನ್ನು ಇವತ್ತೇ ವಾಪಸ್ ಕೊಡು. ಗೋದಾಮಿನ ಕೆಲಸ ಬಿಡಬೇಡ, ಆದರೆ ಸೋಮವಾರದಿಂದ ಭಾನುವಾರಕ್ಕೆ 20 ಗಂಟೆ ದಾಟದಂತೆ ಪುಸ್ತಕದಲ್ಲಿ ಬರೆದಿಡು. ಈ ವಾರ ಕಡಿಮೆ ಮಾಡಿ ಮುಂದಿನ ವಾರ ಜಾಸ್ತಿ ಅನ್ನುವ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಡಾಕ್ಟರಿಗೆ ಕೈ ತೋರಿಸಿಕೋ, ವೀಸಾ ಜೊತೆ ಆರೋಗ್ಯದ ಶುಲ್ಕ ಕಟ್ಟಿಯೇ ಹೋಗಿದ್ದೀಯ ಅಲ್ವಾ? ಹಿಂದಿನ ತಪ್ಪಿಗೆ ಏನು ಮಾಡಬೇಕು ಅನ್ನುವುದು ನನ್ನ ವಿದ್ಯೆಯಲ್ಲ. ಅದಕ್ಕೆ ವಿಶ್ವವಿದ್ಯಾಲಯದ ವೀಸಾ ಸಲಹೆಗಾರರನ್ನೇ ಕಾಣಬೇಕು. ಮಾತು ಎಲ್ಲಿಯವರೆಗೆ ಗುಟ್ಟಾಗಿರುತ್ತದೆ ಅಂತ ಅವರನ್ನು ಮೊದಲೇ ಕೇಳಿಕೋ ಎಂದೆ, ಯಾಕೆಂದರೆ ವಿಶ್ವವಿದ್ಯಾಲಯಕ್ಕೆ ಸರ್ಕಾರಕ್ಕೆ ವರದಿ ಮಾಡುವ ಹೊಣೆಯೂ ಇರುತ್ತದೆ. ಓದು ಮುಗಿಸಿ, ಅಲ್ಲೇ ಉಳಿದು ದುಡಿಯಲು ಬಿಡುವ ಗ್ರಾಜುಯೇಟ್ ವೀಸಾ ಸಿಕ್ಕರೆ ಇದೇ ಡೆಲಿವರಿಯನ್ನು ರಾಜಾರೋಷವಾಗಿ ಮಾಡಬಹುದು. ಅರ್ಜಿಯಲ್ಲಿ ಮಾತ್ರ ಸುಳ್ಳು ಬರೆಯಬಾರದು.

ಅವನು ತುಂಬ ಹೊತ್ತು ಸುಮ್ಮನಿದ್ದ. "ಬಡ್ಡಿಗೇನ್ ಮಾಡ್ಲಿ?" ಅಂದ.

ನಿಜವಾದ ಗಂಟು ಇದ್ದದ್ದು ಮನೆಯಲ್ಲಿ. ಅವನ ಒಪ್ಪಿಗೆ ಪಡೆದು ತಂದೆ-ತಾಯಿ ಇಬ್ಬರನ್ನೂ ಕರೆಸಿದೆ. ಬ್ಯಾಂಕಿನ ಶಿಕ್ಷಣ ಸಾಲದ ಕಂತು ಓದು ಮುಗಿದು ಒಂದು ವರ್ಷದವರೆಗೆ ಶುರುವೇ ಆಗುವುದಿಲ್ಲ. ಉರಿಯುತ್ತಿದ್ದದ್ದು ಆರು ಲಕ್ಷದ ಕೈಸಾಲ, ನೂರಕ್ಕೆ ಎರಡು ರೂಪಾಯಿ ಬಡ್ಡಿ. ತಿಂಗಳಿಗೆ ಹನ್ನೆರಡು ಸಾವಿರ. ಹಾಗಾದರೆ ಉಳಿದ ಹದಿನೆಂಟು ಸಾವಿರ ಎಲ್ಲಿಗೆ?

ತಾಯಿ ತಲೆ ತಗ್ಗಿಸಿದರು. ಮಗಳ ಮದುವೆಗೆ ಅಂತ ಚೀಟಿ ಹಾಕಿದ್ದರು. ರವಿಗೆ ಗೊತ್ತಿಲ್ಲ.

ನನಗೆ ಸಿಟ್ಟು ಬಂತು, ತೋರಿಸಿಕೊಳ್ಳಲಿಲ್ಲ. ಕೆಟ್ಟವರಲ್ಲ ಅವರು. ಮಗ ಆರಾಮಾಗಿ ದುಡಿಯುತ್ತಿದ್ದಾನೆ ಅಂತಲೇ ನಂಬಿದ್ದರು. ಕೈಯ ವಿಷಯವನ್ನು ರವಿಯೇ ಹೇಳಲಿ, ಚೀಟಿಯ ವಿಷಯವನ್ನು ನೀವೇ ಹೇಳಿ, ಎರಡೂ ನನ್ನ ಬಾಯಿಂದ ಬರಬಾರದು ಅಂದೆ. ಆಮೇಲೆ ತಂದೆಯನ್ನು ಕೇಳಿದೆ, "ಅಟ್ಟದ ಮೇಲೆ ಕೊಬ್ಬರಿ ಎಷ್ಟಿದೆ ಯಜಮಾನ್ರೇ?"

"ಇದೆ. ರೇಟ್ ಇನ್ನೂ ಏರ್ಲಿ ಅಂತ ಕಾಯ್ತಿದ್ದೀನಿ."

ಹೋದ ವರ್ಷದ ಕಾಯಿ ಸಿಪ್ಪೆಯೊಳಗೆ ಒಣಗಿ ಉಂಡೆ ಕೊಬ್ಬರಿಯಾಗಿ ಕೂತಿತ್ತು. ಅದನ್ನು ಮಾರಿ ಕೈಸಾಲದ ಅಸಲಿಗೆ ಹಾಕಿ, ಮಿಕ್ಕಿದ್ದಕ್ಕೆ ಒಡವೆ ಸಾಲ ಸಿಗುತ್ತದಾ ಅಂತ ಬ್ಯಾಂಕಿನಲ್ಲಿ ವಿಚಾರಿಸಿ ಅಂದೆ. ಎರಡು ರೂಪಾಯಿ ಬಡ್ಡಿ ಅಂದರೆ ವರ್ಷಕ್ಕೆ ನೂರಕ್ಕೆ ಇಪ್ಪತ್ತನಾಲ್ಕು. ಕೊಬ್ಬರಿ ರೇಟು ಅಷ್ಟು ಏರುತ್ತದೆ ಅಂತ ಯಾರು ಬರೆದುಕೊಡುತ್ತಾರೆ?

ಜುಲೈನಲ್ಲಿ ತಾಯಿ ಫೋನ್ ಮಾಡಿದ್ದರು. ಅರ್ಧ ಅಟ್ಟ ಖಾಲಿಯಾಗಿದೆಯಂತೆ. ಚೀಟಿಯ ವಿಷಯ ತಿಳಿದು ರವಿ ನಾಲ್ಕು ದಿನ ಮಾತು ಬಿಟ್ಟಿದ್ದನಂತೆ. ಈಗ ನಮ್ಮ ರಾತ್ರಿ ಎಂಟಕ್ಕೆ, ಅವನ ಮಧ್ಯಾಹ್ನಕ್ಕೆ, ವಿಡಿಯೋ ಹಾಕುತ್ತಾನೆ. ಸಲಹೆಗಾರರನ್ನು ಕಾಣುವ ದಿನವನ್ನು ಎರಡು ಸಲ ಮುಂದಕ್ಕೆ ಹಾಕಿದ್ದಾನೆ. ಮುಂದಿನ ವಾರ ಮತ್ತೆ ನನ್ನ ಜೊತೆ ಮಾತಿದೆ.