ಊರಿಗೆ ಮರಳಲು ಐದು ವಾರ

(ಗುರುತು ಸಿಗದಂತೆ ಹೆಸರು ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಸುಮಾ ಆಪ್ತಸಲಹೆಗಾರ್ತಿಯಾದ ನನ್ನೊಂದಿಗೆ ಮೊದಲು ಮಾತನಾಡಿದ್ದು ಜನವರಿಯಲ್ಲಿ, ವಿಡಿಯೊ ಕರೆಯ ಮೂಲಕ. ಮೈಸೂರಿನಲ್ಲಿ ರಾತ್ರಿ ಒಂಬತ್ತು, ಜರ್ಮನಿಯಲ್ಲಿ ಸಂಜೆ ನಾಲ್ಕೂವರೆ. ಅವಳ ಕಿಟಕಿಯಾಚೆ ಆಗಲೇ ಕತ್ತಲು ಕವಿಯುತ್ತಿತ್ತು. ಹಾಸನದ ಕಡೆಯ ಹುಡುಗಿ, ವಯಸ್ಸು 21. ಎಂಜಿನಿಯರಿಂಗ್‌ನ ಒಂದು ಸೆಮಿಸ್ಟರನ್ನು ವಿನಿಮಯ ಯೋಜನೆಯಲ್ಲಿ ಅಲ್ಲಿ ಓದುತ್ತಿದ್ದಳು. ಫೆಬ್ರುವರಿಯಲ್ಲಿ ಪರೀಕ್ಷೆ, ಅದು ಮುಗಿದ ವಾರವೇ ವಿಮಾನ.

ನಿದ್ದೆಯಿಲ್ಲ, ಪುಸ್ತಕ ತೆರೆದರೆ ತಲೆಗೆ ಏನೂ ಹೋಗುವುದಿಲ್ಲ ಎಂದಳು. ಪರೀಕ್ಷೆಯ ಭಯವೆಂದುಕೊಂಡೆ. ಅಲ್ಲಿ ಎಷ್ಟೋ ವಿಷಯಗಳಿಗೆ ಆಂತರಿಕ ಅಂಕಗಳ ಆಸರೆಯಿಲ್ಲ. ಇಡೀ ಸೆಮಿಸ್ಟರ್ ಕೊನೆಯ ಒಂದೇ ಪರೀಕ್ಷೆಯ ಮೇಲೆ ನಿಂತಿರುತ್ತದೆ. ಆದರೆ ಇವಳಿಗೆ ಭಾಷಾ ತರಗತಿಯಲ್ಲಿ 1.7 ಬಂದಿತ್ತು. ಜರ್ಮನಿಯಲ್ಲಿ 1.0 ಅತ್ಯುತ್ತಮ, 4.0 ತೇರ್ಗಡೆಯ ಅಂಚು. (ಅವಳ ಅಪ್ಪ ಅದನ್ನು ಹತ್ತಕ್ಕೆ 1.7 ಎಂದು ತಿಳಿದು ಎರಡು ದಿನ ಯಾರೊಂದಿಗೂ ಮಾತನಾಡಿರಲಿಲ್ಲವಂತೆ.)

"ಪರೀಕ್ಷೆ ಮುಗಿದ ಮರುದಿನ ಏನು ಮಾಡುತ್ತೀಯಮ್ಮ?" ಎಂದು ಕೇಳಿದೆ. ಅಳು ಬಂದದ್ದು ಆಗ.

"ಮೇಡಂ, ಇಲ್ಲಿ ರಾತ್ರಿ ಹತ್ತಕ್ಕೆ ಟ್ರಾಮ್ ಇಳಿದು ಒಬ್ಬಳೇ ನಡೆದು ಬರುತ್ತೇನೆ. ಊರಿನಲ್ಲಿ ಆರು ಗಂಟೆಯಾದರೆ ಅಮ್ಮ ಗೇಟಿನ ಬಳಿ ನಿಂತಿರುತ್ತಾರೆ." ಮನೆಗೆ ಜಾತಕವೊಂದು ಬಂದಿತ್ತು. ನೀನು ಬಂದ ಮೇಲೆ ಮುಂದುವರಿಯೋಣ ಎಂದು ಅಮ್ಮ ಹೇಳಿದ್ದರು.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಸ್ನಾತಕೋತ್ತರ ಓದಿಗೆ ಮತ್ತೆ ಹೋಗಬಹುದಲ್ಲ ಎಂದುಬಿಟ್ಟೆ. ಸಮಾಧಾನ ಹೇಳುವ ಅವಸರ! ಹುಡುಗಿ "ಸರಿ ಮೇಡಂ" ಎಂದು ಮನಸ್ಸಿನ ಬಾಗಿಲು ಹಾಕಿಕೊಂಡಳು.

ಮುಂದಿನ ವಾರ ಬೇರೆ ದಾರಿ ಹಿಡಿದೆ. ಅಲ್ಲಿ ಅವಳೇ ತೀರ್ಮಾನಿಸಿ ಮಾಡುವ ಕೆಲಸಗಳನ್ನು ಬರೆದು ತರಲು ಹೇಳಿದ್ದೆ. ತಿಂಗಳ ಹಣವನ್ನು ಹಂಚಿಕೊಳ್ಳುವುದು, ವೈದ್ಯರ ಬಳಿ ತಾನೇ ಸಮಯ ಪಡೆಯುವುದು, ಪಾತ್ರೆ ತೊಳೆಯದ ಸಹವಾಸಿಗೆ ಮುಖಕ್ಕೆ ಮುಖ ಕೊಟ್ಟು ಹೇಳುವುದು. ಹನ್ನೊಂದು ಸಾಲುಗಳಿದ್ದವು. ಅವುಗಳಲ್ಲಿ ಜರ್ಮನಿಗೆ ಸೇರಿದ್ದು ಟ್ರಾಮ್ ಒಂದೇ. ಅದನ್ನು ನಾನು ಹೇಳಲಿಲ್ಲ, ಓದುತ್ತಾ ಓದುತ್ತಾ ಅವಳೇ ನಕ್ಕಳು.

ಮದುವೆಯ ಮಾತನ್ನು ವಿಮಾನ ಇಳಿದ ಮೇಲೆ ಆಡಬೇಡ, ಅಲ್ಲಿಂದಲೇ ಈಗ ಆಡು ಎಂದೆ. ಹನ್ನೊಂದನ್ನೂ ಕೇಳಬೇಡ, ಒಂದನ್ನೇ ಕೇಳು: ಕೊನೆಯ ಸೆಮಿಸ್ಟರ್ ಮುಗಿಯುವವರೆಗೆ ಜಾತಕ ಬೇಡ. "ಅಲ್ಲಿ ಹೀಗಿತ್ತು" ಎಂದು ಒಮ್ಮೆಯೂ ಹೋಲಿಸಬೇಡ. ಅಮ್ಮ ಯಾರ ಮಾತು ಕೇಳುತ್ತಾರೆ ಎಂದಾಗ, ಶಿಕ್ಷಕಿಯಾಗಿರುವ ಚಿಕ್ಕಮ್ಮನ ಹೆಸರು ಬಂತು. ಮೊದಲ ಕರೆ ಅವರಿಗೇ ಹೋಗಲಿ ಎಂದೆ.

ಉಳಿದದ್ದು ಕೈಗೆ ಕೆಲಸ. ಅಲ್ಲಿನ ನಗರಾಡಳಿತದಲ್ಲಿ ಮಾಡಿಸಿದ್ದ ವಿಳಾಸದ ನೋಂದಣಿಯ ರದ್ದತಿಗೆ ಮನೆ ಬಿಡುವುದಕ್ಕೆ ಒಂದು ವಾರ ಮೊದಲಿನಿಂದಷ್ಟೇ ಅರ್ಜಿ ಕೊಡಬಹುದು. ಅದರ ದಿನ ಗುರುತಿಸಿಕೊಂಡಳು. ಕೊಠಡಿಯ ಠೇವಣಿ ಮರಳುವವರೆಗೆ ಬ್ಯಾಂಕ್ ಖಾತೆ ಮುಚ್ಚಬೇಡ ಎಂದು ನೆನಪಿಸಿದೆ. ಕ್ರಿಸ್‌ಮಸ್ ನಂತರ ಅವಳು ಹಂಚಿಕೆಯ ಅಡುಗೆಮನೆಗೇ ಹೋಗುತ್ತಿರಲಿಲ್ಲ. ಹೇಗೂ ಬಿಟ್ಟು ಹೋಗುವವಳು, ಯಾಕೆ ಸುಮ್ಮನೆ ಎಂದು. ಒಂದು ಭಾನುವಾರ ಚಿತ್ರಾನ್ನ ಮಾಡಿ ಎಲ್ಲರನ್ನೂ ಕರೆ ಎಂದೆ. ನಿದ್ದೆ ಇನ್ನೂ ಎರಡು ವಾರ ಹೀಗೆಯೇ ಕೈಕೊಟ್ಟರೆ ಅಲ್ಲಿನ ವಿದ್ಯಾರ್ಥಿ ಸೇವಾ ಸಂಸ್ಥೆಯ ಆಪ್ತಸಲಹೆಗಾರರನ್ನು ನೇರವಾಗಿ ಕಾಣಬೇಕೆಂದೂ ಒಪ್ಪಿಸಿದ್ದೆ. ಅದರ ಅಗತ್ಯ ಬೀಳಲಿಲ್ಲ.

ಅಮ್ಮ ತಕ್ಷಣ ಒಪ್ಪಲಿಲ್ಲ. ತೋರಿಸುವುದರಲ್ಲಿ ತಪ್ಪೇನು ಎಂದರು, ಫೋನ್ ಇಟ್ಟರು. ಚಿಕ್ಕಮ್ಮ ಎರಡು ಬಾರಿ ಹಾಸನಕ್ಕೆ ಹೋಗಿ ಬಂದ ಮೇಲೆ ಜೂನ್‌ವರೆಗೆ ಗಡುವು ಸಿಕ್ಕಿತು. ಪರೀಕ್ಷೆಗಳಲ್ಲಿ ಒಂದು ಕೈಬಿಟ್ಟಳು, ಮೂರು ಪಾಸಾದವು.

ಮಾರ್ಚ್‌ನಲ್ಲಿ ನನ್ನ ಕೊಠಡಿಗೇ ಬಂದಿದ್ದಳು. ಅಮ್ಮ ಈಗಲೂ ಗೇಟಿನ ಬಳಿ ನಿಲ್ಲುತ್ತಾರಂತೆ, ಏಳೂವರೆಗೆ.