ವೈದ್ಯರು ಜೋಡಿಸಿದ ಕಾವ್ಯ ಜನರ ಕಾವ್ಯವಾದೀತೇ?

ಪ್ರಶ್ನೆ: ಫಿನ್‌ಲ್ಯಾಂಡಿನ ಜನ ‘ಕಾಲೆವಾಲಾ’ ಎಂಬ ಮಹಾಕಾವ್ಯದ ಮೂಲಕ ತಮ್ಮತನವನ್ನು ಕಂಡುಕೊಂಡರು ಎಂದು ಓದಿದೆ. ಆದರೆ ಅದನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಒಬ್ಬ ವೈದ್ಯರು ಜೋಡಿಸಿದರಂತೆ. ಹಾಗಿದ್ದರೆ ಅದನ್ನು ಜನರ ಕಾವ್ಯ ಎನ್ನಬಹುದೇ?
— ಓದುಗರೊಬ್ಬರು, ಬೆಳ್ತಂಗಡಿ

ಉತ್ತರ: ಎನ್ನಬಹುದು. ಆದರೆ ಹಾಗೆನ್ನುವಾಗ ವೈದ್ಯರ ಹೆಸರಿನ ಜೊತೆಗೆ ಹಾಡಿದವರ ಹೆಸರನ್ನೂ ಹೇಳಲೇಬೇಕು ಎಂಬುದು ನನ್ನ ಹಠ.

ಶತಮಾನಗಳ ಕಾಲ ಸ್ವೀಡನ್ನಿನ ಆಳ್ವಿಕೆಯಲ್ಲಿದ್ದ ಫಿನ್‌ಲ್ಯಾಂಡ್ 1809ರಲ್ಲಿ ತನ್ನದೇ ಗಡಿ, ಆಡಳಿತ ಉಳಿಸಿಕೊಂಡ ಸ್ವಾಯತ್ತ ಪ್ರಾಂತ್ಯವಾಗಿ ರಷ್ಯಾದ ಚಕ್ರವರ್ತಿಯ ಕೈಸೇರಿತು. ಆಮೇಲೂ ಕಚೇರಿ, ನ್ಯಾಯಾಲಯ, ವಿದ್ಯಾವಂತರ ಮನೆ ಎಲ್ಲೆಡೆ ನಡೆಯುತ್ತಿದ್ದುದು ಸ್ವೀಡಿಷ್. ಫಿನ್ನಿಶ್ ರೈತಾಪಿ ಜನರ ಮಾತಾಗಿತ್ತು. ದರ್ಜಿಯ ಮಗನಾಗಿ ಹುಟ್ಟಿ ಕಾಯಾನಿ ಎಂಬ ಪುಟ್ಟ ಊರಿನಲ್ಲಿ ಜಿಲ್ಲಾ ವೈದ್ಯರಾಗಿದ್ದ ಎಲಿಯಾಸ್ ಲೋನ್‌ರೋಟ್, ಗಡಿಯಾಚೆಗಿನ ಕರೇಲಿಯದ ಹಳ್ಳಿಗಳವರೆಗೂ ಅಲೆದು ಈ ಜನರ ಹಾಡುಗಳನ್ನು ಬರೆದುಕೊಂಡರು.

1834ರಲ್ಲಿ ಅವರು ಲಾತ್ವಯಾರ್ವಿ ಎಂಬ ಹಳ್ಳಿಯಲ್ಲಿ ಅರ್ಹಿಪ್ಪ ಪೆರ್ಟುನೆನ್ ಎಂಬ ಮುದುಕನನ್ನು ಕಂಡರು. ಆತ ದಿನಗಟ್ಟಲೆ ಹಾಡಿದ. ನಡುವೆ ಬಾಲ್ಯದ ಒಂದು ನೆನಪನ್ನೂ ಹೇಳಿದ: ಮೀನು ಹಿಡಿಯಲು ಹೋದ ರಾತ್ರಿಗಳಲ್ಲಿ ಅವನ ತಂದೆಯೂ ಇನ್ನೊಬ್ಬನೂ ಸರೋವರದ ದಡದಲ್ಲಿ ಬೆಂಕಿಯ ಪಕ್ಕ ಕೈ ಕೈ ಹಿಡಿದು ಕೂತು ಬೆಳಗಾಗುವವರೆಗೆ ಹಾಡುತ್ತಿದ್ದರಂತೆ, ಹಾಡಿದ್ದನ್ನೇ ಮತ್ತೆ ಹಾಡುತ್ತಿರಲಿಲ್ಲವಂತೆ. ಒಂದು ಸಾಲು ಹೇಳಿದ್ದನ್ನು ಮುಂದಿನ ಸಾಲು ಬೇರೆ ಮಾತಿನಲ್ಲಿ ಮತ್ತೆ ಹೇಳುವ ಆ ಎಂಟಕ್ಷರದ ಲಯವೇ ಕಾಲೆವಾಲಾದ ಉಸಿರು.

ಲೋನ್‌ರೋಟ್ ಆ ಹಾಡುಗಳನ್ನು ಬಿಡಿಸಿ, ಹೊಂದಿಸಿ, ಒಂದೇ ಕಥೆಯಾಗಿ ಬೆಸೆದು 1835ರಲ್ಲಿ ಸುಮಾರು 12,000 ಸಾಲುಗಳ ಕಾವ್ಯವಾಗಿ ತಂದರು; 1849ರ ಆವೃತ್ತಿ 50 ಸಂಧಿಗಳಿಗೆ, 22,795 ಸಾಲುಗಳಿಗೆ ಬೆಳೆಯಿತು. ಕ್ರಮ ಅವರದು, ಮಾತು ಬಹುಪಾಲು ಹಾಡುಗಾರರದು. ನಮ್ಮ ಭಾಷೆಯಲ್ಲಿ ಇಷ್ಟು ದೊಡ್ಡದೊಂದು ಇದೆ ಎಂಬ ನಂಬಿಕೆಯನ್ನು ಅದು ಓದುಬರಹ ಬಲ್ಲ ಫಿನ್ನರಲ್ಲಿ ಹುಟ್ಟಿಸಿತು. 1863ರಲ್ಲಿ ಫಿನ್ನಿಶ್‌ಗೆ ಆಡಳಿತದಲ್ಲಿ ಸ್ಥಾನ ಕೊಡುವ ರಾಜಾಜ್ಞೆ ಬಂತು, 1917ರಲ್ಲಿ ಸ್ವಾತಂತ್ರ್ಯ. ಇದೆಲ್ಲ ಒಂದು ಪುಸ್ತಕದಿಂದಲೇ ಆಯಿತೆಂದರೆ ಅತಿಯಾದೀತು. ಆದರೆ ಫೆಬ್ರವರಿ 28ನ್ನು ಆ ದೇಶ ಇಂದಿಗೂ ಕಾಲೆವಾಲಾ ದಿನವಾಗಿ ಆಚರಿಸುತ್ತದೆ. ನನಗೆ ನೋವಾಗುವ ಸಂಗತಿಯೆಂದರೆ, ಈ ಹೆಮ್ಮೆಗೆ ಹಾಡು ಕೊಟ್ಟ ಅರ್ಹಿಪ್ಪನ ಹಳ್ಳಿ ಇದ್ದದ್ದು ಆ ದೇಶದ ಗಡಿಯ ಆಚೆ, ರಷ್ಯಾದಲ್ಲಿ.

ನೀವು ಬೆಳ್ತಂಗಡಿಯವರಾದ್ದರಿಂದ ಇನ್ನೊಂದು ಮಾತು. 1990ರ ಡಿಸೆಂಬರಿನಲ್ಲಿ ಅದೇ ಫಿನ್‌ಲ್ಯಾಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ, ನಮ್ಮ ವಿವೇಕ ರೈ ಮತ್ತು ಚಿನ್ನಪ್ಪ ಗೌಡರ ಜೊತೆಗೂಡಿ ನಿಮ್ಮ ತಾಲ್ಲೂಕಿನ ಮಾಚಾರಿನ ಗೋಪಾಲ ನಾಯ್ಕರ ಬಾಯಿಂದ ಸಿರಿ ಪಾಡ್ದನವನ್ನು, ಎಂದರೆ ಸಿರಿ ಎಂಬ ಹೆಣ್ಣಿನ ಕಥೆ ಹೇಳುವ ತುಳು ಹಾಡುಗಬ್ಬವನ್ನು, ಧ್ವನಿಮುದ್ರಿಸಿಕೊಂಡರು. ಓದುಬರಹದ ನೆರವಿಲ್ಲದೆ ನಾಯ್ಕರು ತುಳುವಿನಲ್ಲಿ ಹಾಡಿದ್ದು 15,683 ಸಾಲು. ಅದು 1998ರಲ್ಲಿ ಅಚ್ಚಾದಾಗ ಹಾಡುಗಳನ್ನು ಬೆಸೆಯಲಿಲ್ಲ, ಒಬ್ಬರು ಹಾಡಿದ್ದನ್ನು ಹಾಡಿದಂತೆಯೇ ಉಳಿಸಿಕೊಂಡರು. ಗೋಪಾಲ ನಾಯ್ಕರ ಹೆಸರು ಪುಸ್ತಕದ ಶೀರ್ಷಿಕೆಯಲ್ಲೇ ಇದೆ.